ಎದ್ದು ಹೋದ ಬೆಂಚು

ಹೋಟೆಲಿನ ಗೋಡೆಯ ಮೇಲೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡು ಇದೆಯೆಂದರೆ ಅಲ್ಲಿ ರಾಜಕೀಯ ಬಲು ಚೆನ್ನಾಗಿ ನಡೆಯುತ್ತಿದೆ ಎಂದೇ ಅರ್ಥ. ಮಾತಾಡದ ಕಡೆ ಯಾರೂ ದುಡ್ಡು ಕೊಟ್ಟು ಬೋರ್ಡು ಬರೆಸುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳಲ್ಲಿ ನಾನು ಕೂತ ಹೋಟೆಲುಗಳ ಗೋಡೆಯಲ್ಲಿ ಆ ಬೋರ್ಡು ಇತ್ತು. ಪಕ್ಕದಲ್ಲಿ ‘ಇಂದು ನಗದು, ನಾಳೆ ಉದ್ರಿ’. ಅದರ ಕೆಳಗೆ ‘ಅನಾವಶ್ಯಕವಾಗಿ ಕೂರಬಾರದು’. ಈ ಮೂರು ಅಪ್ಪಣೆಗಳಿಗೂ ಬೆನ್ನು ಒರಗಿಸಿಕೊಂಡು, ಉದ್ರಿಯಲ್ಲಿ ತರಿಸಿದ ಬೈಟೂ ಟೀ ಹೀರುತ್ತಾ, ತೀರಾ ಅನಾವಶ್ಯಕವಾಗಿ ರಾಜಕೀಯ ಮಾತಾಡುವ ಒಂದು ಜನಾಂಗವೇ ಆಗ ಇತ್ತು. ಮಾಲೀಕರು ಗಲ್ಲಾದ ಮೇಲಿಂದ ಒಮ್ಮೆ ಬೋರ್ಡನ್ನೂ ಒಮ್ಮೆ ಬೆಂಚನ್ನೂ ನೋಡಿ ಊದಿನಕಡ್ಡಿ ಹಚ್ಚಿ ಸುಮ್ಮನಾಗುತ್ತಿದ್ದರು.

ಸೋತವರಲ್ಲಿ ಅವರೇ ಮೊದಲಿಗರಲ್ಲ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರ್ ಕೊನೆಯಲ್ಲಿ ದೇಶದ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ್ದ. ಅಲ್ಲಿ ಕೆಲಸಗೇಡಿಗಳು ಸೇರುತ್ತಾರೆ, ಸರ್ಕಾರದ ಮೇಲೆ ಇಲ್ಲದ್ದನ್ನು ಹಬ್ಬಿಸುತ್ತಾರೆ ಎಂಬುದು ಅವನ ದೂರು. ಜನವರಿ 10ಕ್ಕೆ ಜಾರಿಯಾಗಬೇಕಿದ್ದ ಆ ಆಜ್ಞೆಯನ್ನು, ಎದ್ದ ಗದ್ದಲಕ್ಕೆ ಹೆದರಿ, ಆ ದಿನ ಬರುವ ಮೊದಲೇ ಹಿಂದಕ್ಕೆ ತೆಗೆದುಕೊಂಡ. ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟವನು ಕಾಫಿಯ ಜೊತೆಗೆ ಪತ್ರಿಕೆ, ವಾದ, ಸುದ್ದಿ ಎಲ್ಲವನ್ನೂ ಪಡೆಯುತ್ತಿದ್ದ. ಎಡ್ವರ್ಡ್ ಲಾಯ್ಡ್ ಎಂಬುವನ ಕಾಫಿ ಅಂಗಡಿಯಲ್ಲಿ ಹಡಗಿನವರು ಕೂತು ಆಡಿದ ಮಾತಿನಿಂದಲೇ ಲಾಯ್ಡ್ಸ್ ಎಂಬ ವಿಮಾ ಸಾಮ್ರಾಜ್ಯ ಹುಟ್ಟಿತು. ನಮ್ಮ ಕಡೆಯ ಹೋಟೆಲುಗಳಲ್ಲಿ ಅಂಥದ್ದೇನೂ ಹುಟ್ಟಲಿಲ್ಲ. ಮಾತಿಗೇನೂ ಕಡಿಮೆ ಇರಲಿಲ್ಲ.

1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣ ಊರುಗಳಿಗೆಲ್ಲ ಶಾಖೆಗಳು ಬಂದವು. ಶಾಖೆಗಳ ಹಿಂದೆ ನನ್ನಂಥ ಮದುವೆಯಾಗದ ಗುಮಾಸ್ತರು ಬಂದರು. ಬಾಡಿಗೆ ಕೋಣೆಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ. ಊಟ ತಿಂಡಿ ಹೋಟೆಲಿನಲ್ಲಿ, ತಿಂಗಳ ಲೆಕ್ಕ. ಐದೂವರೆಗೆ ಬ್ಯಾಂಕಿನ ಬಾಗಿಲು ಎಳೆದರೆ ಮಲಗುವ ತನಕದ ಹೊತ್ತನ್ನು ಎಲ್ಲಿ ಇಡುವುದು? ಹೋಟೆಲಿನ ಬೆಂಚಿನ ಮೇಲೆ ಇಟ್ಟೆವು. ಚನ್ನಗಿರಿ, ಹೊನ್ನಾಳಿಗಳು ಆಗ ಶಿವಮೊಗ್ಗ ಜಿಲ್ಲೆ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಜಗಳೂರು ಚಿತ್ರದುರ್ಗ ಜಿಲ್ಲೆ. ಬೆಂಚು ಮಾತ್ರ ಎಲ್ಲ ಕಡೆಯೂ ಒಂದೇ: ಎರಡು ಜನಕ್ಕೆ ಸಲೀಸು, ನಾಲ್ವರಿಗೆ ಇಕ್ಕಟ್ಟು, ಕೂರುತ್ತಿದ್ದವರು ಐವರು.

ಚನ್ನಗಿರಿಯ ಬೆಂಚಿಗೆ ಅಡಿಕೆಯ ವಾಸನೆ ಇತ್ತು. ಖೇಣಿ ಹಿಡಿದವರು, ತೋಟದವರು, ದಲಾಲಿ ಅಂಗಡಿಯ ಲೆಕ್ಕದವರು ಬೆಳಿಗ್ಗೆಯೇ ಬಂದು ಕೂರುವರು. ರಾಶಿಗೆ ಎಷ್ಟಾಯ್ತು ಎಂಬಲ್ಲಿಂದ ಹೊರಟ ಮಾತು ಭದ್ರಾ ನಾಲೆಗೆ ನೀರು ಬಿಡುವ ದಿನಕ್ಕೆ ಹೋಗಿ, ಸೂಳೆಕೆರೆ ಕೋಡಿ ಬೀಳುತ್ತದೋ ಇಲ್ಲವೋ ಎಂಬಲ್ಲಿ ಸ್ವಲ್ಪ ನಿಂತು, ಕೊನೆಗೆ ದೆಹಲಿಗೆ ಮುಟ್ಟುತ್ತಿತ್ತು. ದೆಹಲಿ ಅವರಿಗೆ ದೂರವಾಗಿರಲಿಲ್ಲ. ಇದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗದಲ್ಲಿ ಗೆದ್ದು ಹೋಗಿ, ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿ ಬಂದಿದ್ದರು. ಮುಂದೆ ಮುಖ್ಯಮಂತ್ರಿಯಾದಾಗಲೂ ಪಟೇಲರ ಮಾತಿನ ಧಾಟಿ ಬದಲಾಗಲಿಲ್ಲ. ಅವಸರವಿಲ್ಲ, ಎದುರಾಳಿಯನ್ನು ನಗಿಸಿಯೇ ಮುಗಿಸುವ ಚಾಳಿ, ವಿಷಯ ಬಿಟ್ಟು ಊರೆಲ್ಲ ಸುತ್ತಿ ಕೊನೆಗೆ ವಿಷಯದ ನೆತ್ತಿಯ ಮೇಲೇ ಬಂದು ಕೂರುವ ಜಾಣತನ. ಈ ಸೀಮೆಯ ಹೋಟೆಲಿನ ಬೆಂಚಿನ ಮೇಲೆ ಒಂದು ಮಳೆಗಾಲ ಕಳೆದವರಿಗೆ ಆ ಧಾಟಿ ಅಪರಿಚಿತವಲ್ಲ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಮಾಡಿ, ನಾನು ಕೂತೆದ್ದ ಊರುಗಳನ್ನೆಲ್ಲ ಒಂದೇ ಜಿಲ್ಲೆಗೆ ಸೇರಿಸಿದವರೂ ಅವರೇ.

ಹೊನ್ನಾಳಿಯ ಬೆಂಚಿನ ಗುಣ ಬೇರೆ. ಕೂಡಲಿಯಲ್ಲಿ ಕೂಡಿದ ತುಂಗೆ ಭದ್ರೆಯರು ಊರ ಮಗ್ಗುಲಲ್ಲೇ ಹರಿಯುತ್ತಾರೆ. ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸುಗಳೆಲ್ಲ ಅಲ್ಲಿ ನಿಂತು ಉಸಿರು ಬಿಡುತ್ತವೆ. ಹಾಗಾಗಿ ಅದು ದಾರಿಹೋಕರ ಬೆಂಚು. ದಾರಿಹೋಕರಲ್ಲಿ ರಾಜರೆಂದರೆ ನಾಟಕ ಕಂಪನಿಯವರು. ದಾವಣಗೆರೆಯ ಚಿಂದೋಡಿಯವರ ಕೆ.ಬಿ.ಆರ್. ಕಂಪನಿಯ ಹೆಸರು ಹೇಳಿದರೆ ಸಾಕು, ಹಳಬರ ಕಣ್ಣು ದೊಡ್ಡದಾಗುತ್ತಿತ್ತು. ಅದಲ್ಲದೆ ಹೆಸರು ಉಳಿಯದ ಎಷ್ಟೋ ಸಣ್ಣ ಕಂಪನಿಗಳು ಜಾತ್ರೆಯ ಹೊತ್ತಿಗೆ ಬಂದು ತಗಡಿನ ಥೇಟರು ನಿಲ್ಲಿಸುತ್ತಿದ್ದವು. ರಾತ್ರಿ ಸಿಂಹಾಸನದ ಮೇಲೆ ಕೂತವನು ಮಧ್ಯಾಹ್ನ ಹನ್ನೆರಡಕ್ಕೆ ಎದ್ದು, ಕಿವಿಯ ಹಿಂದೆ ಇನ್ನೂ ಬಣ್ಣ ಇಟ್ಟುಕೊಂಡು, ನಮ್ಮ ಪಕ್ಕ ಕೂತು, ‘ಅಣ್ಣಾ, ಒಂದು ಬೀಡಿ ಐತಾ?’ ಎನ್ನುತ್ತಿದ್ದ. ಕಲೆಕ್ಷನ್ ಆದ ದಿನ ಮೆಣಸಿನಕಾಯಿ ಮಂಡಕ್ಕಿ ಎಲ್ಲರಿಗೂ ಅವನದೇ; ಮಳೆ ಬಂದು ಆಟ ನಿಂತ ದಿನ ಅವನ ಟೀ ನಮ್ಮ ಲೆಕ್ಕಕ್ಕೆ.

ಅಂಥ ಒಂದು ಕಂಪನಿ ಮುಳುಗಿದಾಗ ಹೊನ್ನಾಳಿಯಲ್ಲೇ ಉಳಿದುಕೊಂಡ ಪೇಟಿ ಮಾಸ್ತರರೊಬ್ಬರಿದ್ದರು. ಸುಗ್ಗಿ ಮುಗಿದ ಮೇಲೆ ಸುತ್ತಲ ಹಳ್ಳಿಯ ಹುಡುಗರಿಗೆ ಕಂದಗಲ್ಲರ ‘ರಕ್ತರಾತ್ರಿ’ ಕಲಿಸಲು ಅವರನ್ನು ಕರೆದೊಯ್ಯುತ್ತಿದ್ದರು. ಉಳಿದ ತಿಂಗಳು ಅವರ ಮನೆ, ಕಚೇರಿ, ದಿವಾನಖಾನೆ ಎಲ್ಲವೂ ಆ ಹೋಟೆಲು. ಅವರಿಗೆ ಬರುವ ಕಾಗದದ ಮೇಲೆ ವಿಳಾಸ ಹೋಟೆಲಿನದೇ. ಪೋಸ್ಟ್‌ಮ್ಯಾನ್ ಗಲ್ಲಾದ ಮೇಲೆ ಇಟ್ಟು ಹೋಗುತ್ತಿದ್ದ. ಬಹಳ ವರ್ಷಗಳ ನಂತರ, ವಿಯೆನ್ನಾದ ಪೀಟರ್ ಆಲ್ಟನ್‌ಬರ್ಗ್ ಎಂಬ ಲೇಖಕ ತನ್ನ ವಿಳಾಸ ಎಂದು ಕೆಫೆ ಸೆಂಟ್ರಲ್‌ನ ಹೆಸರನ್ನೇ ಕೊಡುತ್ತಿದ್ದನೆಂದು ಓದಿದಾಗ, ಅವನು ಯಾರಿರಬಹುದೆಂದು ನನಗೆ ಮುಖ ಸಮೇತ ಗೊತ್ತಾಯಿತು. ವ್ಯತ್ಯಾಸ ಇಷ್ಟೇ: ಆಲ್ಟನ್‌ಬರ್ಗನ ಬೊಂಬೆ ಇವತ್ತಿಗೂ ಆ ಕೆಫೆಯ ಬಾಗಿಲ ಬಳಿ ಕೂತಿದೆ, ಪ್ರವಾಸಿಗರು ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮಾಸ್ತರರ ಫೋಟೋ ಅವರು ಬದುಕಿದ್ದಾಗಲೂ ಯಾರೂ ತೆಗೆದದ್ದು ಕಾಣೆ.

ಬಡ ಕಲಾವಿದರ ಈ ಪಾಡನ್ನು ಜಗತ್ತಿಗೆ ರಮ್ಯವಾಗಿ ತೋರಿಸಿದವನು ಪ್ಯಾರಿಸ್ಸಿನ ಆಂರಿ ಮುರ್ಜೇ. ದರ್ಜಿಯ ಕೆಲಸವನ್ನೂ ಕಟ್ಟಡದ ಕಾವಲನ್ನೂ ಮಾಡುತ್ತಿದ್ದವನ ಮಗ. ತನ್ನ ಗೆಳೆಯರ ಹಸಿವು, ಸಾಲ, ಪ್ರೇಮಗಳನ್ನು ಕತೆಗಳಾಗಿ ಬರೆದ, 1851ರಲ್ಲಿ ಪುಸ್ತಕವಾಯಿತು, 1896ರಲ್ಲಿ ಪುಚೀನಿ ಅದನ್ನು ‘ಲಾ ಬೊಹೆಮ್’ ಎಂಬ ಸಂಗೀತ ನಾಟಕ ಮಾಡಿದ. ಅಷ್ಟರಲ್ಲಿ ಮುರ್ಜೇ ಸತ್ತು 35 ವರ್ಷವಾಗಿತ್ತು. ಬದುಕಿದ್ದು 38 ವರ್ಷ. ಆ ಪುಸ್ತಕದಲ್ಲಿ ಮೋಮ್ಯೂಸ್ ಎಂಬ ಕಾಫಿ ಅಂಗಡಿಯ ಮಾಲೀಕ ನಾಲ್ವರು ಗೆಳೆಯರ ಮೇಲೆ ದೂರುಪಟ್ಟಿ ಸಿದ್ಧಮಾಡುತ್ತಾನೆ. ಪತ್ರಿಕೆಯನ್ನೆಲ್ಲ ಇವರೇ ಹಿಡಿದುಕೊಳ್ಳುತ್ತಾರೆ, ಬೇರೆ ಗಿರಾಕಿಗೆ ಬಿಡುವುದಿಲ್ಲ. ಚಿತ್ರಗಾರ ಬಣ್ಣ ಕುಂಚಗಳನ್ನೆಲ್ಲ ಇಲ್ಲಿಗೇ ತಂದು ಹರಡುತ್ತಾನೆ. ಕಾಫಿ ಕಾಸುವ ಸಾಮಾನನ್ನೂ ಮನೆಯಿಂದಲೇ ತಂದುಕೊಳ್ಳುತ್ತಾರೆ!

ಈ ದೂರನ್ನು ನ್ಯಾಮತಿಯ ಹೋಟೆಲಿನವರು ಓದಿದ್ದರೆ, ‘ಇಷ್ಟೇನಾ?’ ಎನ್ನುತ್ತಿದ್ದರು. ಅಲ್ಲಿ ಪತ್ರಿಕೆ ಒಂದು ಪೂರ್ತಿ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ಮೊದಲ ಪುಟ ವಕೀಲರಲ್ಲಿ, ಕೃಷಿ ಮಾರುಕಟ್ಟೆ ಧಾರಣೆ ಕಿರಾಣಿ ಅಂಗಡಿಯವರಲ್ಲಿ, ಸಿನಿಮಾ ಜಾಹೀರಾತು ಸಪ್ಲೈಯರ್ ಹುಡುಗನ ಅಂಗಿಯೊಳಗೆ. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾದ ಮೇಲಂತೂ ಅದು ಬರುವ ದಿನ ಬೆಂಚಿನ ಮೇಲೆ ಜಾಗ ಹಿಡಿಯಲು ಜನ ಮೊದಲೇ ಬರುತ್ತಿದ್ದರು. ಕೊಂಡವನು ಒಬ್ಬ, ಜೋರಾಗಿ ಓದುವವನು ಒಬ್ಬ, ಕೇಳುವವರು ಹತ್ತು ಜನ, ಆ ವಾರ ಬೈಸಿಕೊಂಡ ಪುಢಾರಿಯ ಕಡೆಯವನೊಬ್ಬ ಮೂಲೆಯಲ್ಲಿ ಮುಖ ಗಂಟು ಹಾಕಿಕೊಂಡು. ಲಂಕೇಶರು ಶಿವಮೊಗ್ಗದ ಪಕ್ಕದ ಕೊನಗವಳ್ಳಿಯವರು. ‘ನಮ್ಮ ಕಡೆಯೋರು’ ಎಂಬ ಅಭಿಮಾನದಿಂದ ಅವರ ಬೈಗುಳವನ್ನೂ ಜನ ಸವಿದರು. ಸಂತೆಯ ದಿನ ತಾಂಡಾಗಳಿಂದ ಬಂದವರು ಬಾಗಿಲ ಬಳಿ ಒಂದು ಗಳಿಗೆ ನಿಂತು ಕೇಳಿಸಿಕೊಂಡು ಹೋಗುತ್ತಿದ್ದರು. ಯಾಕೆ ನಿಂತರು, ಯಾಕೆ ಕೂರಲಿಲ್ಲ ಎಂಬುದನ್ನು ಆಗ ಯಾರೂ ಕೇಳಲಿಲ್ಲ.

ಜಗಳೂರಿನ ಬೆಂಚು ಕಾಯುವವರ ಬೆಂಚು. ಮಳೆ ಕಾಯುವುದು ಅಲ್ಲಿ ಒಂದು ಉದ್ಯೋಗ. ಶೇಂಗಾ ಬೀಜ ತಂದಿಟ್ಟುಕೊಂಡು, ಮುಗಿಲು ನೋಡಿ, ಬಂದು ಕೂತು, ಟೀ ಕುಡಿದು, ಎದ್ದು ಹೋಗಿ ಮತ್ತೆ ಮುಗಿಲು ನೋಡಿ ಬರುತ್ತಿದ್ದರು. ಅಲ್ಲಿ ಕಾಫಿ ಕೇಳಿದವನು ಹೊರಗಿನವನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅಂಥ ಬರದ ಊರಿನ ಮಹಮದ್ ಇಮಾಂ ಸಾಹೇಬರು ಚಿತ್ರದುರ್ಗ ಕ್ಷೇತ್ರದಿಂದ 1957ರಲ್ಲೂ 1967ರಲ್ಲೂ ಲೋಕಸಭೆಗೆ ಗೆದ್ದಿದ್ದರು, ಎರಡು ಸಲವೂ ಕಾಂಗ್ರೆಸ್ಸಿಗೆ ಎದುರಾಗಿ. ಆ ಕತೆಯನ್ನು ಹೊಸ ಗುಮಾಸ್ತನಿಗೆ ಹೇಳದೆ ಆ ಬೆಂಚು ಅವನನ್ನು ಏಳಲು ಬಿಡುತ್ತಿರಲಿಲ್ಲ. ರಾಜಕೀಯ ಬೇಡವೆಂಬ ಬೋರ್ಡಿನ ಮಾತು ನಿಜವಾಗಿ ಜಾರಿಗೆ ಬಂದದ್ದು ಒಂದೇ ಕಾಲದಲ್ಲಿ, 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯಲ್ಲಿ. ಆಗ ಎಲ್ಲರೂ ಮಳೆಯ ಬಗ್ಗೆ ಮಾತ್ರ ಮಾತಾಡಿದರು. ನಮ್ಮ ಸೀಮೆಯಲ್ಲಿ ಮಳೆಯ ಬಗ್ಗೆ ಅಷ್ಟು ಒಳಾರ್ಥವಿಟ್ಟು ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಈ ಎಲ್ಲ ಕೂರುವಿಕೆಗೆ ದುಡ್ಡು ಕೊಟ್ಟವರು ಯಾರು? ಲೆಕ್ಕದ ಮನುಷ್ಯನಾದ ನನಗೆ ಇದು ಆಗಲೂ ಬಿಡಿಸದ ಒಗಟು. ಒಂದು ಟೀ ತರಿಸಿ ಇಬ್ಬರು ಎರಡು ಗಂಟೆ ಕೂತರೆ ಬೆಂಚಿನ ಬಾಡಿಗೆಯೂ ಹುಟ್ಟದು. ಹೊನ್ನಾಳಿಯ ಮಾಲೀಕರನ್ನು ಒಮ್ಮೆ ಕೇಳಿಯೇಬಿಟ್ಟೆ: ‘ಯಜಮಾನರೇ, ಮಾಸ್ತರರ ಉದ್ರಿ ಎಂದಾದರೂ ವಸೂಲಾಗುತ್ತದೆಯೇ?’ ಅವರು ಬಾಯ್ಲರಿನ ಕಡೆ ನೋಡುತ್ತಲೇ ಹೇಳಿದರು: ‘ಬರಲ್ಲ ಅಂತ ಗೊತ್ತಿದ್ದೇ ಬರ್ಯೋದು ಸಾರ್. ಬರೀದಿದ್ರೆ ಅವ್ರು ನಾಳೆ ಬರಲ್ಲ. ಅವ್ರು ಬರ್ದಿದ್ರೆ ಉಳಿದೋರು ಯಾಕ್ ಬರ್ತಾರೆ?’ ವಿಯೆನ್ನಾದಲ್ಲಿ ಒಂದು ಕಾಫಿಗೆ ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು. ಏಳಿ ಎನ್ನದೆ ಮತ್ತೆ ನೀರು ತಂದಿಡುವುದು ಅಲ್ಲಿನ ಸಪ್ಲೈಯರರ ಮರ್ಯಾದೆ. ಹೊನ್ನಾಳಿಯ ಯಜಮಾನರು ವಿಯೆನ್ನಾದ ಹೆಸರು ಕೇಳಿರಲಿಲ್ಲ. ಮಾತುಗಾರನೊಬ್ಬ ಇದ್ದರೆ ಮನೆ ತುಂಬಿರುತ್ತದೆ ಎಂಬುದನ್ನು ಅವರು ಗಲ್ಲಾಪೆಟ್ಟಿಗೆಯಿಂದಲೇ ಕಲಿತಿದ್ದರು.

ಬೆಂಚು ಒಂದೇ ದಿನ ಹೋಗಲಿಲ್ಲ. ಮೊದಲು ಟಿವಿ ಬಂತು; ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟು ಗೋಡೆ ನೋಡತೊಡಗಿದರು. ವಿಯೆನ್ನಾದಲ್ಲೂ 1950ರ ದಶಕದಲ್ಲಿ ಹಳೆಯ ಕಾಫಿ ಮನೆಗಳು ಸಾಲಾಗಿ ಮುಚ್ಚಿದ್ದಕ್ಕೆ ಟಿವಿಯನ್ನೂ, ನಿಂತು ಕುಡಿಯುವ ಹೊಸ ಎಸ್‌ಪ್ರೆಸೊ ಅಂಗಡಿಗಳನ್ನೂ ದೂರಿದ್ದರಂತೆ. ನಮಗೆ ನಿಂತು ತಿನ್ನುವುದನ್ನು ಕಲಿಸಿದ್ದು ಬೆಂಗಳೂರು. 1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ನಿಧಾನವಾಗಿ ತಾಲ್ಲೂಕು ಕೇಂದ್ರಗಳಿಗೂ ಇಳಿಯಿತು. ರಸ್ತೆ ಅಗಲವಾಗುವಾಗ ಹೋಟೆಲುಗಳ ಮುಂಭಾಗ ಹೋಯಿತು, ಮುಂಭಾಗದಲ್ಲೇ ಬೆಂಚು ಇದ್ದದ್ದು. ಮಾಲೀಕರ ಮಕ್ಕಳು ಎಂಜಿನಿಯರುಗಳಾದರು. ಅಡಿಕೆಯ ಧಾರಣೆ ಮೊಬೈಲಿಗೇ ಬರತೊಡಗಿದ ಮೇಲೆ ಅದನ್ನು ಕೇಳಲು ಚನ್ನಗಿರಿಯಲ್ಲಿ ಯಾರ ಪಕ್ಕದಲ್ಲೂ ಕೂರಬೇಕಾಗಿಲ್ಲ. ಜಗಳೂರಿನವರು ಮಳೆ ಕಾಯುವುದು ಬಿಟ್ಟು ದುಡಿಮೆಗೆ ಬೆಂಗಳೂರಿನ ಬಸ್ಸು ಹತ್ತಿದರು. ನ್ಯಾಮತಿ ತಾಲ್ಲೂಕಾಯಿತು, ಕಚೇರಿಗಳು ಬಂದವು. ಕಚೇರಿಗೆ ಬಂದವರಿಗೆ ಕೂರುವ ಪುರುಸೊತ್ತಿಲ್ಲ. ಕಂಪನಿ ನಾಟಕಗಳು ಎಲ್ಲೋ ಒಂದೆರಡು ಜಾತ್ರೆಗೆ ಉಳಿದವು. ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಜನ ಕಣ್ಣೀರಿನ ಲೇಖನ ಬರೆದರು. ಅದು ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆಯಿತು. ವಿಯೆನ್ನಾದವರ ಕಾಫಿ ಮನೆಯ ಸಂಸ್ಕೃತಿ 2011ರಲ್ಲಿ ಆಸ್ಟ್ರಿಯಾದ ಪಾರಂಪರಿಕ ಪಟ್ಟಿಗೇ ಸೇರಿತು. ಹೊನ್ನಾಳಿಯ ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದದ್ದನ್ನು ಸ್ಥಳೀಯ ಪತ್ರಿಕೆ ಕೂಡ ಬರೆಯಲಿಲ್ಲ. ಬರೆದರೂ ಎಲ್ಲಿ ಕೂತು ಓದುವುದು?

ಇದನ್ನೆಲ್ಲ ಮನೆಯಲ್ಲಿ ಹೇಳಿ ನಿಟ್ಟುಸಿರು ಬಿಟ್ಟಾಗ ನಮ್ಮ ಮನೆಯವರು ಹೇಳಿದ್ದು: ‘ನೀವು ಕೂತಿದ್ರಿ, ನೀವು ಅಳ್ರಿ. ಅಳಾಕೆ ನಮ್ಮನ್ಯಾಕೆ ಕರೀತೀರಿ?’

ಉತ್ತರ ಹೊಳೆಯಲಿಲ್ಲ. ಆ ನಾಲ್ಕು ಊರುಗಳ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತದ್ದನ್ನು ನಾನು ಕಂಡಿಲ್ಲ. ಅವರಿಗೆ ಒಳಗೆ ‘ಫ್ಯಾಮಿಲಿ ರೂಂ’ ಇತ್ತು. ಪರದೆಯ ಹಿಂದೆ ಮಸಾಲೆ ದೋಸೆ ತಿಂದು, ಸೆರಗು ಸರಿಮಾಡಿಕೊಂಡು, ಬೆಂಚಿನ ಮುಂದೆ ತಲೆ ತಗ್ಗಿಸಿ ನಡೆದುಹೋಗುವುದು. 1674ರಲ್ಲಿ ಲಂಡನ್ನಿನ ಹೆಂಗಸರ ಹೆಸರಿನಲ್ಲಿ ಕಾಫಿಯ ವಿರುದ್ಧ ಅಹವಾಲಿನ ಹೊತ್ತಗೆಯೊಂದು ಅಚ್ಚಾಗಿತ್ತು; ಕಾಫಿ ಮನೆ ಸೇರಿದ ಗಂಡಸರು ಕೈಲಾಗದವರಾಗಿ, ಬರೀ ಹರಟೆಮಲ್ಲರಾಗಿ ಮರಳುತ್ತಾರೆಂದು ಅದರ ಹಾಸ್ಯ. ನಮ್ಮ ಹೆಂಗಸರು ಅಹವಾಲು ಬರೆಯಲಿಲ್ಲ, ಮನೆಗೆ ಬಂದಾಗ ಅಷ್ಟನ್ನೇ ಬಾಯಲ್ಲಿ ಹೇಳಿದರು.

ಹೊರಗೆ ಉಳಿದವರು ಅವರಷ್ಟೇ ಅಲ್ಲ. ಎಷ್ಟೋ ಹೋಟೆಲುಗಳ ಹಿತ್ತಲ ಗೋಡೆಯ ಮೊಳೆಗೆ ಬೇರೆ ಲೋಟಗಳು ನೇತಾಡುತ್ತಿದ್ದವು. ದಲಿತರು ಅವನ್ನು ತಾವೇ ತೆಗೆದುಕೊಳ್ಳಬೇಕು, ಮೇಲಿಂದ ಹುಯ್ಯಿಸಿಕೊಳ್ಳಬೇಕು, ನಿಂತೇ ಕುಡಿಯಬೇಕು, ತಾವೇ ತೊಳೆದು ನೇತುಹಾಕಬೇಕು. ಒಳಗೆ ಬೆಂಚಿನ ಮೇಲೆ ಸಮಾಜವಾದದ ಚರ್ಚೆ ನಡೆಯುತ್ತಿರುವಾಗಲೇ ಹಿಂದೆ ಇದು ನಡೆಯುತ್ತಿತ್ತು. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ನಮ್ಮ ಈ ಬೆಂಚುಗಳಿಂದ ಬಸ್ಸಿನಲ್ಲಿ ಬೇಗ ಮುಟ್ಟುವ ದೂರದಲ್ಲಿ. ಹುಡುಗರು ಹೋಟೆಲಿನ ಮುಂಬಾಗಿಲಿಂದಲೇ ಒಳಗೆ ಬರತೊಡಗಿದರು. ಕೆಲವು ಕಡೆ ಜಗಳವಾಯಿತು. ಕೆಲವು ಕಡೆ ಮಾಲೀಕರು ಉಪಾಯ ಹುಡುಕಿದರು: ಹಾಗೆ ಬಂದವರಿಗೆ ಮಾತ್ರ ಬಿಸಾಡುವ ಕಾಗದದ ಲೋಟ. ಆಮೇಲೆ ತೊಳೆಯುವ ಹುಡುಗರು ಸಿಗದೆ ಅದೇ ಲೋಟ ಎಲ್ಲರಿಗೂ ಬಂತು. ನನ್ನ ಬೆಂಚನ್ನು ಕೊಂದದ್ದೆಂದು ನಾನು ಬೈಯುವ ಕಾಗದದ ಲೋಟವೇ ಹಿತ್ತಲ ಗೋಡೆಯ ಮೊಳೆಯನ್ನೂ ಕಿತ್ತುಹಾಕಿತು. ಅದಕ್ಕೆ ಪುಣ್ಯ ಕೊಡದಿದ್ದರೆ ನಾನು ಪ್ರಾಮಾಣಿಕನಲ್ಲ.

ಹಾಗಾದರೆ ಹೋದದ್ದಕ್ಕೆ ಕೊರಗಬಾರದೇ? ಕೊರಗುತ್ತೇನೆ, ಆದರೆ ಲೆಕ್ಕ ಸರಿಮಾಡಿಕೊಂಡು. ಈಗ ಬಸ್‌ಸ್ಟ್ಯಾಂಡಿನ ಎದುರು ಟೀ ಗಾಡಿಯ ಸುತ್ತ ಎಲ್ಲ ಜಾತಿಯವರೂ ಒಂದೇ ಲೋಟ ಹಿಡಿದು ನಿಲ್ಲುತ್ತಾರೆ, ಕಾಲೇಜಿನ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಎರಡು ನಿಮಿಷ, ಲೋಟ ಬುಟ್ಟಿಗೆ ಹೋಗುತ್ತದೆ, ಜನ ದಾರಿ ಹಿಡಿಯುತ್ತಾರೆ. ಸಮನಾಗಿ ನಿಲ್ಲುವುದನ್ನು ಕಲಿತೆವು, ಒಳ್ಳೆಯದೇ ಆಯಿತು. ಎರಡು ಗಂಟೆ ಪಕ್ಕಪಕ್ಕ ಕೂತು, ಒಬ್ಬನ ಮಾತಿಗೆ ಇನ್ನೊಬ್ಬ ಅಡ್ಡ ಬಾಯಿ ಹಾಕಿ, ಜಗಳಾಡಿ, ಅವನ ಟೀ ಇವನ ಲೆಕ್ಕಕ್ಕೆ ಬರೆಸುವುದು ಮಾತ್ರ ನಮ್ಮಂಥ ಕೆಲವು ಗಂಡಸರಿಗಷ್ಟೇ ಸಿಕ್ಕಿ ನಿಂತುಹೋಯಿತು. ಆ ಪೇಟಿ ಮಾಸ್ತರರ ಎದುರು, ತಾಂಡಾದಿಂದ ಬಂದು ಬಾಗಿಲಲ್ಲಿ ನಿಂತವನೂ ಫ್ಯಾಮಿಲಿ ರೂಮಿನ ಪರದೆಯ ಹಿಂದಿನವಳೂ ಒಂದು ಸಂಜೆ ಕೂರಬೇಕಿತ್ತು. ಎಲ್ಲರೂ ಕೂರಬಹುದಾದ ಕಾಲ ಬರುವ ಹೊತ್ತಿಗೆ ಸರಿಯಾಗಿ ಬೆಂಚೇ ಇರಲಿಲ್ಲ. ಊರಿಗೆ ಅದು ಕೊಡಬೇಕಾದ ಬಾಕಿ ದೊಡ್ಡದಿತ್ತು. ಉದ್ರಿ ತೀರಿಸದೆ ಎದ್ದು ಹೋಯಿತು.